ವಿನ್ನಿ ಹೆಡ್ಲಿಯ ತಕ್ಕಡಿ

ವಿನ್ನಿ ಹೆಡ್ಲಿಗೆ ಎಪ್ಪತ್ತು ತುಂಬಿದಾಗ ಊರಿನ ಸಮುದಾಯ ಭವನದವರು ಬಂದು, ಅವಳ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಅವಳ ಮನೆಯ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಇರುವವಳು ನಾನು. ಅವಳನ್ನು ನನಗಿಂತ ಚೆನ್ನಾಗಿ ಬಲ್ಲವರು ಇನ್ನಾರು ಎಂದು ಅವರ ಎಣಿಕೆ. ಬರೆದುಕೊಟ್ಟೆ. ಶ್ರಮಜೀವಿ, ಪರೋಪಕಾರಿ, ಊರಿಗೆ ಹೆಮ್ಮೆ, ಹೀಗೆ ಒಂದು ಪುಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದು ಆ ಪುಟವಲ್ಲ. ಆ ಪುಟದಲ್ಲಿ ಬರೆಯದೆ ಬಿಟ್ಟದ್ದು ಇಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ, ವಿನ್ನಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಂದು ನಿನ್ನೆಯದಲ್ಲ, ಮೂವತ್ತೈದು ವರ್ಷದಿಂದ ಆರದೆ ಉರಿಯುತ್ತಿರುವುದು. ಬೀದಿಯೆಲ್ಲ ಕೆಸರಾದರೂ ಅವಳ ಬಾಗಿಲ ಮುಂದಿನ ಕಲ್ಲು ಮೆಟ್ಟಿಲು ಬೆಳ್ಳಗೆ ಹೊಳೆಯುತ್ತದೆ. ಭಾನುವಾರದ ಅವಳ ಪುಡಿಂಗ್ ಉಬ್ಬಿ ಮೇಲೇಳುತ್ತದೆ, ನನ್ನದು ತಟ್ಟೆಗೆ ಅಂಟಿ ಕೂರುತ್ತದೆ. ಮೂರು ಹೆತ್ತರೂ ಅವಳಿಗೆ ಮದುವೆಯ ಕಾಲದ ಸ್ಕರ್ಟು ಇಂದಿಗೂ ಸರಿಯಾಗುತ್ತದೆ. ನನ್ನ ಸ್ಕರ್ಟಿನ ಮಾತು ಬೇಡ. ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಅವಳ ಬೆಳ್ಳಿ ಚಮಚಗಳು.

ನಮ್ಮ ಸ್ಟೋನಿಲಾ ಕಲ್ಲಿದ್ದಲು ಗಣಿಯ ಊರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಸಾಲುಮನೆಗಳೂ ಹಿತ್ತಿಲ ಗೋಡೆಗಳೂ ಹಾಗೆಯೇ ನಿಂತಿವೆ. ಗುಡ್ಡದ ಮೇಲಿನ ಎಸ್ಟೇಟಿನವರು ಲ್ಯಾಬ್ರಡಾರ್ ನಾಯಿಗಳನ್ನು ಬೇಟೆಗೆ ಒಗ್ಗಿಸುತ್ತಾರೆ. ಗುಂಡು ತಗಲಿ ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಹೊತ್ತು ತರುವುದು ಆ ನಾಯಿಗಳ ಕೆಲಸ. ಮರಿಗಳಿಗೆ ಎಂಟು ವಾರವಾದ ಕೂಡಲೇ ಅವನ್ನು ಊರಿನ ಮನೆಗಳಿಗೆ ಹಂಚುತ್ತಾರೆ. ಆರೇಳು ತಿಂಗಳು ಸಾಕಿ, ಬೆಕ್ಕು, ಕಾರು, ಪಾತ್ರೆ ಬಿದ್ದ ಸದ್ದು, ಯಾವುದಕ್ಕೂ ಹೆದರದಂತೆ ಮಾಡುವುದು ನಮ್ಮ ಪಾಲಿನ ಕೆಲಸ. ಸೆಪ್ಟೆಂಬರಿನ ಮೊದಲ ಶನಿವಾರ ಎಸ್ಟೇಟಿನ ಹುಲ್ಲುಗಾವಲಿನಲ್ಲಿ ಮರಿಗಳ ಮೇಳ. ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಮರಿಯನ್ನು ಸಾಕಿದವರಿಗೆ ಒಂದು ಬೆಳ್ಳಿ ಚಮಚ ಕೊಡುತ್ತಾರೆ. ಟೀ ಕಲಕುವಷ್ಟು ಚಿಕ್ಕದು, ಹಿಡಿಕೆಯ ತುದಿಯಲ್ಲಿ ನಾಯಿಯ ತಲೆ. ಮೇಳ ಮುಗಿದ ಮೇಲೆ ಮರಿಗಳು ವ್ಯಾನು ಹತ್ತಿ ಹೋಗುತ್ತವೆ. ಚಮಚ ಮನೆಯಲ್ಲಿ ಉಳಿಯುತ್ತದೆ.

ವಿನ್ನಿಯ ಅಡುಗೆಮನೆಯ ಗೋಡೆಯಲ್ಲಿ ಅಂಥವು ಹನ್ನೊಂದಿದ್ದವು. ಹನ್ನೆರಡನೆಯದಕ್ಕೆಂದು ಒಂದು ಮೊಳೆಯನ್ನೂ ಹೊಡೆದಿಟ್ಟಿದ್ದಳು. ನಾನು ಆರು ಮರಿ ಸಾಕಿದ್ದೆ, ಒಂದು ಚಮಚವನ್ನೂ ಕಂಡಿರಲಿಲ್ಲ.

ಈ ಕಿಚ್ಚು ಹೊತ್ತಿಕೊಂಡದ್ದು ಎಲ್ಲಿ ಎಂಬುದೂ ನನಗೆ ಗೊತ್ತು. ಎಂಬತ್ತನಾಲ್ಕರ ಮುಷ್ಕರದ ವರ್ಷ ಅದು. ಊರಿನ ಗಂಡಸರು ಯಾರೂ ಗಣಿಗೆ ಇಳಿಯುತ್ತಿರಲಿಲ್ಲ, ಯಾರ ಮನೆಗೂ ಸಂಬಳ ಬರುತ್ತಿರಲಿಲ್ಲ. ಭವನದಲ್ಲಿ ಹೆಂಗಸರೆಲ್ಲ ಸೇರಿ ಊರಿಗೇ ಅಡುಗೆ ಮಾಡುತ್ತಿದ್ದೆವು. ನಾನು ಆಲೂಗಡ್ಡೆ ಹೆರೆಯುವವಳು, ವಿನ್ನಿ ಸೌಟು ಹಿಡಿದವಳು. ತಲೆಗೊಂದು ಸೌಟು ಸಾರು. ಅವಳ ಗಂಡ ಜಾಕ್ ಬಂದರೂ ಅಷ್ಟೇ, ಪಾದ್ರಿ ಬಂದರೂ ಅಷ್ಟೇ. ಒಂದು ದಿನ ನನ್ನ ಗಂಡ ನಾರ್ಮನ್ ಜ್ವರ ಬಿಟ್ಟು ಎದ್ದಿದ್ದ. ಇನ್ನರ್ಧ ಸೌಟು ಹಾಕು ಎಂದು ಪಾತ್ರೆ ಚಾಚಿದೆ.

"ಸಾಲಲ್ಲಿ ಇನ್ನೂ ನಲವತ್ತು ಜನ ನಿಂತಿದಾರೆ ಬೆರಿಲ್," ಎಂದಳು ವಿನ್ನಿ. ಗಟ್ಟಿಯಾಗಿಯೇ ಎಂದಳು. ಸಾಲಿಗೆ ಸಾಲೇ ನನ್ನನ್ನು ತಿರುಗಿ ನೋಡಿತು.

ಅವಳು ಹೇಳಿದ್ದು ಸರಿ. ಸರಿಯಾಗಿದ್ದದ್ದೇ ನನಗೆ ಉರಿದದ್ದು. ಇನ್ನು ಮುಂದೆ ನನ್ನ ಮನೆಯಲ್ಲಿ ಯಾರ ತಟ್ಟೆಗೂ ಅಳೆದು ಬಡಿಸುವುದಿಲ್ಲ ಎಂದು ಅಂದೇ ಶಪಥ ಮಾಡಿದೆ. ಮಾಡಿದ ಶಪಥವನ್ನು ನಡೆಸಿಕೊಂಡೂ ಬಂದೆ, ನಾರ್ಮನ್‌ನ ಹೊಟ್ಟೆಯೇ ಅದಕ್ಕೆ ಸಾಕ್ಷಿ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದೇ ಸೂಲಿನ ಎರಡು ಮರಿಗಳು ನಮ್ಮ ಬೀದಿಗೆ ಬಂದವು. ವಿನ್ನಿಗೆ ಟೆಸ್ ಎಂಬ ಕಪ್ಪು ಹೆಣ್ಣು, ನನಗೆ ಬಾರ್ಲಿ ಎಂಬ ಹಳದಿ ಗಂಡು. ಎಸ್ಟೇಟಿನಲ್ಲಿ ನಾಯಿಗಳ ಉಸ್ತುವಾರಿ ನೋಡುವ ಟೇಟ್, ಇಬ್ಬರಿಗೂ ಒಂದೊಂದು ಚೀಲ ಮರಿಗಳ ಆಹಾರವನ್ನೂ ಒಂದೊಂದು ಚೀಟಿಯನ್ನೂ ಕೊಟ್ಟ.

"ಚೀಟೀಲಿ ಬರ್ದಿರೋಷ್ಟೇ ಹಾಕಿ," ಎಂದ. "ಮರಿ ಬೆಳೀಬೇಕು, ಆದ್ರೆ ಬೇಗ ಬೇಗ ಬೆಳೀಬಾರ್ದು. ಕೈಯಾಡ್ಸಿದ್ರೆ ಪಕ್ಕೆಲುಬು ಸಿಗ್ತಾ ಇರ್ಬೇಕು."

ಪಕ್ಕೆಲುಬು ಸಿಗುವ ಮರಿಯನ್ನು ಸಾಕುವುದೆಂದರೆ ನನ್ನ ಅಡುಗೆಮನೆಗೆ ಅವಮಾನ. ಆ ಚೀಟಿಯ ಮೇಲೆ ಆಲೂಗಡ್ಡೆ ಸಿಪ್ಪೆ ಸುರಿದು ಮಡಿಸಿ ಎಸೆದೆ.

ಇಲ್ಲಿ ನಮ್ಮೂರಿನ ಇನ್ನೊಂದು ಹುಚ್ಚನ್ನು ಹೇಳದೆ ಗತಿಯಿಲ್ಲ. ಇಲ್ಲಿನ ಗಂಡಸರು ಊರಾಚೆಯ ತೋಟಗಳಲ್ಲಿ ಲೀಕ್ ಬೆಳೆಯುತ್ತಾರೆ. ಈರುಳ್ಳಿಯ ಬಳಗದ್ದೇ, ಆದರೆ ಬಿಳಿಯ ದಂಟು ತೋಳಿನಷ್ಟು ದಪ್ಪ. ಪ್ರತಿ ಸೆಪ್ಟೆಂಬರಿನಲ್ಲಿ ಯಾರ ಲೀಕ್ ದಪ್ಪ ಎಂದು ಪೈಪೋಟಿ. ಅದಕ್ಕೆ ಒಬ್ಬೊಬ್ಬರದು ಒಂದೊಂದು ಗುಟ್ಟಿನ ಗೊಬ್ಬರ. ಒಬ್ಬ ಹಳಸಿದ ಬಿಯರ್ ಸುರಿಯುತ್ತಾನೆ, ಇನ್ನೊಬ್ಬ ಕುರಿಹಿಕ್ಕೆ ನೆನೆಸಿದ ನೀರು. ನಮ್ಮೂರಲ್ಲಿ ಹೆಂಡತಿಯ ವಯಸ್ಸು ಕೇಳಿದರೆ ಹೇಳಿಬಿಡುತ್ತಾರೆ, ಲೀಕಿಗೆ ಏನು ಹಾಕಿದಿರಿ ಎಂದರೆ ಹವಾಮಾನದ ಮಾತು ತೆಗೆಯುತ್ತಾರೆ. ಇಂಥವರ ನಡುವೆ ಹುಟ್ಟಿ, ಇಂಥವನನ್ನೇ ಕಟ್ಟಿಕೊಂಡು ಬಾಳಿದವಳಿಗೆ ತಲೆ ಓಡುವುದು ಒಂದೇ ದಾರಿಯಲ್ಲಿ. ಯಾವುದಾದರೂ ಚೆನ್ನಾಗಿ ಬೆಳೆದಿದೆ ಎಂದರೆ ಅದಕ್ಕೆ ಯಾರೋ ಗುಟ್ಟಾಗಿ ಏನೋ ಹಾಕುತ್ತಿದ್ದಾರೆ.

ಹಾಗಾದರೆ ವಿನ್ನಿ ಏನು ಹಾಕುತ್ತಾಳೆ? ಹನ್ನೊಂದು ಚಮಚ ಸುಮ್ಮನೆ ಬರುತ್ತವೆಯೇ?

ಮಾರ್ಚಿನ ಒಂದು ಬೆಳಿಗ್ಗೆ ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ನೋಡುತ್ತಿದ್ದೆ ಎಂದರೆ ಕಾಯುತ್ತಿದ್ದೆ ಎಂದೇ ಅರ್ಥ. ವಿನ್ನಿ ತಳ್ಳುಗಾಡಿ ನೂಕಿಕೊಂಡು ಹಿತ್ತಿಲ ಓಣಿಯಲ್ಲಿ ಬಂದಳು. ಗಾಡಿಯ ಮೇಲೆ ಸತ್ತ ಗಂಡನ ಹಳೆಯ ಕೋಟು ಮುಚ್ಚಿತ್ತು. ಆ ಕಡೆ ಈ ಕಡೆ ನೋಡಿದಳು. ಗಾಳಿ ಬೀಸಿ ಕೋಟಿನ ಮೂಲೆ ಹಾರಿತು. ಕೆಳಗೆ ಬಿಳಿಯ ಚೀಲ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಎಲುಬಿನ ಪುಡಿ’. ಅವಳು ಅದನ್ನು ಟೆಸ್‌ಳ ಬಟ್ಟಲು ಇರುವ ಶೆಡ್ಡಿನೊಳಗೆ ಇಳಿಸಿ ಬೀಗ ಹಾಕಿದಳು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಬೆಳ್ಳಗಿರುವುದೆಲ್ಲ ಹಾಲೇ. ಸಿಕ್ಕಿಬಿದ್ದಳು ಎಂದು ಕುಣಿದಾಡುತ್ತ ಅಂದೇ ಅಂಗಡಿಗೆ ಹೋಗಿ ಎಲುಬಿನ ಪುಡಿ ಕೇಳಿದೆ.

"ಗಿಡಕ್ಕೋ ಪ್ರಾಣಿಗೋ?" ಎಂದು ಅಂಗಡಿಯವನು ಕೇಳಿದ.

"ಪ್ರಾಣಿಗೆ," ಎಂದೆ, ತಲೆಯೆತ್ತಿ.

ಅಂದಿನಿಂದ ಬಾರ್ಲಿಗೆ ಹಬ್ಬವೋ ಹಬ್ಬ. ಬೆಳಿಗ್ಗೆ ಗಟ್ಟಿ ಹಾಲಿನಲ್ಲಿ ಬೇಯಿಸಿದ ಓಟ್ಸ್ ಗಂಜಿ, ಮೇಲೊಂದು ಮೊಟ್ಟೆ. ಮಧ್ಯಾಹ್ನ ಎಸ್ಟೇಟಿನ ಆಹಾರ ಬಟ್ಟಲು ತುಂಬ, ಖಾಲಿಯಾದರೆ ಮತ್ತೊಂದು ಬಟ್ಟಲು. ಸಂಜೆ ಕೊಚ್ಚಿದ ಈಲಿ. ರಾತ್ರಿ ನಾರ್ಮನ್‌ನ ತಟ್ಟೆಯಲ್ಲಿ ಉಳಿದ ಮಾಂಸದ ರಸ. ಎಲ್ಲದರ ಮೇಲೂ ಗೋಪುರವಾಗಿ ಒಂದು ಚಮಚ ಎಲುಬಿನ ಪುಡಿ. ಬಾರ್ಲಿ ಬಟ್ಟಲನ್ನು ನೆಕ್ಕಿ ಗೋಡೆಯವರೆಗೂ ತಳ್ಳಿಕೊಂಡು ಹೋಗಿ, ಅಲ್ಲಿಂದ ನನ್ನನ್ನು ನೋಡುತ್ತಿದ್ದ. ಆ ಕಣ್ಣಿಗೆ ಇಲ್ಲ ಎನ್ನಲು ನನ್ನಿಂದ ಸಾಧ್ಯವೇ ಇರಲಿಲ್ಲ.

ಮೇ ತಿಂಗಳು ಬರುವಷ್ಟರಲ್ಲಿ ಅವನು ಟೆಸ್‌ಳ ಒಂದೂವರೆಯಷ್ಟಾಗಿದ್ದ. ಅಗಲ ಎದೆ, ದಿಂಬಿನಂಥ ಬೆನ್ನು. ದಿನಕ್ಕೆ ಎರಡು ಸಲ ಬೀದಿಯುದ್ದಕ್ಕೂ ಅವನನ್ನು ಮೆರೆಸಿಕೊಂಡು ಬರುತ್ತಿದ್ದೆ.

"ಇದೇನು ನಾಯೀನೋ ಕರೂನೋ ಬೆರಿಲ್?" ಎಂದು ಮಾಂಸದಂಗಡಿಯವನು ಕೂಗಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ಸಂಜೆ ವಿನ್ನಿ ಹಿತ್ತಿಲ ಗೋಡೆಯ ಮೇಲಿಂದ ಬಗ್ಗಿ ಬಾರ್ಲಿಯನ್ನು ಬಹಳ ಹೊತ್ತು ನೋಡಿದಳು.

"ಸ್ವಲ್ಪ ಭಾರ ಆಗಿಲ್ವೇನೇ ಅವ್ನು?"

"ನಿನ್ನ ಟೆಸ್‌ಗೂ ಒಂಚೂರು ತಿನ್ಸು ತಾಯಿ," ಎಂದೆ. "ಜೋರಾಗಿ ಗಾಳಿ ಬಂದ್ರೆ ಹಾರ್ಕೊಂಡ್ ಹೋದೀತು."

ವಿನ್ನಿ ಗೋಡೆ ಬಿಟ್ಟು ಒಳಗೆ ಹೋದಳು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಮೂವತ್ತೈದು ವರ್ಷದಲ್ಲಿ ಮೊದಲ ಸಲ! ಆ ವಾರವಿಡೀ ನನಗೆ ಒಳ್ಳೆಯ ನಿದ್ದೆ ಬಂತು.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ ಬಟ್ಟಲು ಸದ್ದು ಮಾಡಿದರೂ ಬಾರ್ಲಿ ಎದ್ದು ಬರಲಿಲ್ಲ. ಹಿಂಬಾಗಿಲ ಹತ್ತಿರ ಮಲಗಿದ್ದವನು ಬಾಲ ಮಾತ್ರ ಬಡಿದ. ಎಬ್ಬಿಸಿದೆ. ಮುಂದಿನ ಎಡಗಾಲನ್ನು ಊರಲಾರದೆ ಎತ್ತಿಕೊಂಡ. ಬಗ್ಗಿ ನೋಡಿದರೆ ಎರಡು ಮುಂಗಾಲುಗಳೂ ಮಣಿಕಟ್ಟಿನಿಂದ ಹೊರಕ್ಕೆ ಸೊಟ್ಟಗೆ ತಿರುಗಿದ್ದವು. ದಿನವೂ ನೋಡುತ್ತಿದ್ದವಳು ನಾನು. ಬೆನ್ನಿನ ಅಗಲ ನೋಡಿದ್ದೆ, ಟೆಸ್‌ಳಿಗಿಂತ ಎಷ್ಟು ಎತ್ತರ ಎಂದು ನೋಡಿದ್ದೆ, ಕಾಲುಗಳನ್ನು ನೋಡಿರಲಿಲ್ಲ.

ಪಶುವೈದ್ಯೆ ಪ್ರಿಂಗಲ್ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಕಾಲುಗಳನ್ನು ಹಿಡಿದು ಮಡಿಸಿ ನೋಡಿದಳು, ಎಕ್ಸ್‌ರೇ ತೆಗೆದಳು, ಆಮೇಲೆ ಕಾಗದ ತೆಗೆದುಕೊಂಡು ಕೂತಳು.

"ಊಟಕ್ಕೆ ಏನೇನ್ ಹಾಕ್ತೀರಿ?"

ಗಂಜಿ, ಮೊಟ್ಟೆ, ಈಲಿ ಎಂದು ಹೆಮ್ಮೆಯಿಂದಲೇ ಶುರು ಮಾಡಿದೆ. ಅವಳ ಮುಖ ನೋಡುತ್ತ ನೋಡುತ್ತ ನನ್ನ ದನಿ ಇಳಿಯಿತು. ಎಲುಬಿನ ಪುಡಿ ಎಂದಾಗ ಅವಳ ಪೆನ್ನು ನಿಂತಿತು.

"ಅದನ್ನ ಹಾಕಿ ಅಂತ ಯಾರು ಹೇಳಿದ್ರು?"

"ಪಕ್ಕದ್ಮನೆಯವಳು ಹಾಕ್ತಾಳೆ."

"ಅವ್ರ ಮರಿ ಪುಣ್ಯ ಮಾಡಿರ್ಬೇಕು," ಎಂದಳು ಪ್ರಿಂಗಲ್. "ನೋಡಿಮ್ಮಾ, ಇವ್ನು ದಪ್ಪ ಆಗಿದಾನೆ, ಗಟ್ಟಿ ಆಗಿಲ್ಲ. ಮೈ ಮುಂದೆ ಓಡಿದೆ, ಕಾಲು ಹಿಂದೆ ಉಳಿದಿದೆ. ಇಷ್ಟು ದೊಡ್ಡ ಜಾತಿ ಮರಿಗೆ ಬೇಕಾದ ಸುಣ್ಣದಂಶ ಎಲ್ಲಾ ಆ ಚೀಲದ ಆಹಾರದಲ್ಲೇ ಅಳತೆಗೆ ಇರತ್ತೆ. ಅದ್ರ ಮೇಲೆ ಚಿಟಿಕೆನೂ ಹಾಕೋ ಹಾಗಿಲ್ಲ. ಹಾಕಿದ್ರೆ ಮೂಳೆ ಹೀಗೆ ಸೊಟ್ಟ ಬೆಳ್ಯತ್ತೆ."

"ಸರಿ ಹೋಗತ್ತಾ?"

"ಇನ್ನೂ ಬೆಳೀತಾ ಇದಾನಲ್ಲ, ಅದೇ ಅದೃಷ್ಟ. ಪುಡಿ, ಹಾಲು, ಈಲಿ, ಎಲ್ಲಾ ಇವತ್ತೇ ನಿಲ್ಬೇಕು. ಮರಿಗಳ ಆಹಾರ ಮಾತ್ರ, ತೂಕ ಮಾಡಿ, ದಿನಕ್ಕೆ ಮೂರು ಸಲ. ಮೈ ಇಳೀಬೇಕು. ಇಲ್ದಿದ್ರೆ ಬೇಟೆ ಮಾತು ಹಾಗಿರ್ಲಿ, ಮೆಟ್ಟಿಲು ಹತ್ತೋದೂ ಇವ್ನಿಗೆ ಜೀವನಪೂರ್ತಿ ನೋವೇ."

ಅತಿಯಾದರೆ ಅಮೃತವೂ ವಿಷ ಎಂದು ನಾನೇ ಎಷ್ಟು ಜನರಿಗೆ ಬುದ್ಧಿ ಹೇಳಿಲ್ಲ! ಅವನನ್ನು ಎತ್ತಿಕೊಂಡು ಕಾರಿಗೆ ಹೋಗುವಾಗ ಅವನ ಭಾರಕ್ಕೆ ನನ್ನ ತೋಳು ಸೋತಿತು. ಆ ಭಾರವೆಲ್ಲ ನಾನು ಹಾಕಿದ್ದು. ಅವನು ನನ್ನ ಕೆನ್ನೆ ನೆಕ್ಕಿದ.

ನೆಟ್ಟಗೆ ವಿನ್ನಿಯ ಮನೆಗೆ ಹೋದೆ. ನಾಚಿಕೆಗಿಂತ ಸಿಟ್ಟು ಹೆಚ್ಚಿತ್ತು.

"ನೀನೂ ಹಾಕ್ತೀಯಲ್ಲ ಎಲುಬಿನ ಪುಡಿ! ನಿನ್ ಮರಿ ಯಾಕ್ ನೆಟ್ಟಗಿದೆ, ನಂದ್ಯಾಕ್ ಕುಂಟ್ತಿದೆ?"

ವಿನ್ನಿ ಕಣ್ಣರಳಿಸಿದಳು. "ಯಾವ ಪುಡಿ?"

"ಜಾಕ್‌ನ ಕೋಟು ಮುಚ್ಕೊಂಡು ತಂದ್ಯಲ್ಲ, ಅದು!"

"ಅಯ್ಯೋ ಪೆದ್ದೀ, ಅದು ಜಾಕ್‌ನ ಲೀಕಿಗೆ ಕಣೇ!" ಎಂದು ಕೂಗಿದವಳು ಥಟ್ಟನೆ ದನಿ ತಗ್ಗಿಸಿ ನಮ್ಮ ಮನೆಯ ಕಡೆ ನೋಡಿದಳು. "ನಾರ್ಮನ್‌ಗೆ ಹೇಳ್ಬೇಡ. ಅವ್ನ ಕಣ್ಣಿಗೆ ಬೀಳ್ಬಾರ್ದು ಅಂತಾನೇ ಕೋಟು ಮುಚ್ಚಿದ್ದು."

ಜಾಕ್ ಸತ್ತು ಮೂರು ವರ್ಷವಾಗಿತ್ತು. ಅವನ ತೋಟದ ತುಂಡನ್ನು ವಿನ್ನಿ ಹುಲ್ಲು ಬೆಳೆಯಲು ಬಿಟ್ಟಿದ್ದಾಳೆ ಎಂದೇ ಊರು ತಿಳಿದಿತ್ತು. ಅವಳು ಅವನ ಲೀಕಿನ ಸಾಲನ್ನು ಅವನು ಮಾಡುತ್ತಿದ್ದ ಹಾಗೆಯೇ ಬೆಳೆಸುತ್ತಿದ್ದಳು. ನಾನು ನಾರ್ಮನ್‌ಗೆ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಅವೇ ಲೀಕುಗಳು ನನ್ನ ಗಂಡನ ಲೀಕುಗಳನ್ನು ಸೋಲಿಸಿದಾಗಲೂ ಹೇಳಲಿಲ್ಲ.

ಆಮೇಲೆ ವಿನ್ನಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತನ್ನ ಗುಟ್ಟನ್ನು ತೋರಿಸಿದಳು. ಮೇಜಿನ ಮೇಲೆ ಅವಳ ತಾಯಿಯ ಕಾಲದ ಹಿತ್ತಾಳೆ ತಕ್ಕಡಿ. ಗೋಡೆಯ ಮೇಲೆ ಟೇಟ್ ಕೊಟ್ಟ ಅದೇ ಚೀಟಿ. ಪ್ರತಿ ಸೋಮವಾರ ಟೆಸ್‌ಳನ್ನು ತೂಗಿ ಬರೆದ ಒಂದು ಕಾರ್ಡು. ಟೆಸ್‌ಳನ್ನು ಕರೆದು, ನನ್ನ ಕೈ ಹಿಡಿದು ಅದರ ಪಕ್ಕೆಯ ಮೇಲೆ ಇಟ್ಟಳು.

"ಎಲುಬು ಕೈಗೆ ಸಿಗತ್ತಾ? ಕಣ್ಣಿಗೆ ಕಾಣತ್ತಾ? ಸಿಗ್ಬೇಕು, ಕಾಣ್ಬಾರ್ದು. ಸಿಗ್ದಿದ್ರೆ ನಾಳೆ ಒಂದು ಹಿಡಿ ಕಮ್ಮಿ, ಕಂಡ್ರೆ ಒಂದು ಹಿಡಿ ಜಾಸ್ತಿ."

"ಇಷ್ಟೇನಾ?"

"ಇಷ್ಟೇ."

ಹನ್ನೊಂದು ಚಮಚದ ಹಿಂದೆ ಇದ್ದದ್ದು ಇಷ್ಟೇ. ಅವಳು ಏನು ಹಾಕುತ್ತಾಳೆ ಎಂದು ವರ್ಷಗಟ್ಟಲೆ ಕಿಟಕಿಯಲ್ಲಿ ಕಣ್ಣು ನೆಟ್ಟು ಕೂತಿದ್ದೆ. ಏನು ಹಾಕುವುದಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ ನೀನು?"

"ಭಾರ ಆಗಿದಾನೆ ಅಂದ್ನಲ್ಲ ನಾನು. ಟೆಸ್ ಗಾಳಿಗೆ ಹಾರ್ಕೊಂಡ್ ಹೋಗತ್ತೆ ಅಂದೆ ನೀನು."

ನಾನೂ ಒಂದು ತಕ್ಕಡಿ ತಂದೆ. ಮೂರು ವಾರ ತೂಗಿ ಹಾಕಿದೆ. ಆದರೆ ತೂಗಿದ್ದನ್ನು ತಿಂದು ಮುಗಿಸಿ ಅವನು ನನ್ನನ್ನು ನೋಡುತ್ತಿದ್ದನಲ್ಲ, ಆಗ ಮೇಜಿನ ಕೆಳಗೆ ನನ್ನ ಕೈ ತಾನಾಗಿ ಇಳಿಯುತ್ತಿತ್ತು. ರೊಟ್ಟಿಯ ಅಂಚು, ಚೀಸಿನ ಚೂರು. ನಾರ್ಮನ್ ನನಗೆ ಗೊತ್ತಾಗದಂತೆ ಹಾಕುತ್ತಿದ್ದ, ನಾನು ನಾರ್ಮನ್‌ಗೆ ಗೊತ್ತಾಗದಂತೆ ಹಾಕುತ್ತಿದ್ದೆ. ಮೂರನೆಯ ವಾರ ಪ್ರಿಂಗಲ್ ತೂಗಿದಾಗ ಇಳಿಯಬೇಕಾದ ತೂಕ ಏರಿತ್ತು. ಅವಳು ಟೇಟ್‌ಗೆ ಫೋನ್ ಮಾಡಿದಳು, ಅವನು ಅಂದೇ ಮನೆಗೆ ಬಂದ.

"ಬೇಜಾರು ಮಾಡ್ಕೋಬೇಡಿ ಮಿಸೆಸ್ ಡಾಡ್ಸ್," ಎಂದ ಟೋಪಿ ತೆಗೆದು. "ಸೋಮವಾರ ಇವ್ನನ್ನ ಕರ್ಕೊಂಡ್ ಹೋಗ್ತೀನಿ. ಕಾಲು ಸರಿಯಾದ್ರೆ ಸರಿ. ಇಲ್ದಿದ್ರೆ ದೂರದಲ್ಲಿ ಯಾರಾದ್ರೂ ಸಾಕೋರು ಸಿಗ್ತಾರಾ ನೋಡ್ಬೇಕು. ಕುಂಟೋ ನಾಯಿಗೆ ಗುಡ್ಡದ ಮೇಲೆ ಕೆಲಸ ಇಲ್ಲ."

ಅವನು ಹೋದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತೆ. ಗೋಡೆಯ ಆಚೆಯಿಂದ ವಿನ್ನಿಯ ದನಿ ಬಂತು.

"ನನ್ ಹತ್ರ ಬಿಡು."

ನಾನು ಕಣ್ಣೊರೆಸಿಕೊಂಡೆ.

"ಮೇಳದ ತನಕ ನಾನಿಟ್ಕೋತೀನಿ, ಟೇಟ್‌ಗೂ ನಾನೇ ಹೇಳ್ತೀನಿ. ನಿನ್ ಕೈ ಸೋಲತ್ತೆ ಬೆರಿಲ್. ಮುಷ್ಕರದ ವರ್ಷಾನೇ ನೋಡಿದೀನಿ."

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮೂವತ್ತೈದು ವರ್ಷದ ಹಿಂದಿನ ಅರ್ಧ ಸೌಟನ್ನು ಇವಳು ಇನ್ನೂ ಮರೆತಿಲ್ಲ! ಇವಳಿಗೆ ನನ್ನ ಮರಿಯೂ ಬೇಕು! ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗೆ ಬಾರ್ಲಿ ಮೂರು ಕಾಲಿನಲ್ಲಿ ಕುಪ್ಪಳಿಸುತ್ತ ನನ್ನತ್ತ ಬಂದ. ಬಟ್ಟಲನ್ನೂ ಅವನ ಕಂಬಳಿಯನ್ನೂ ತೆಗೆದುಕೊಂಡು ಮತ್ತೆ ಬಾಗಿಲು ತೆಗೆದೆ.

ವಿನ್ನಿ ಹಾಕಿದ ಷರತ್ತು ಒಂದೇ. "ಗೋಡೆ ಮೇಲಿಂದ ಒಂದು ಚೂರೂ ಎಸೀಬಾರ್ದು. ಆಣೆ ಮಾಡು." ಆಣೆ ಮಾಡಿದೆ.

ಆ ಹತ್ತು ವಾರ ನನಗಾದ ಸಂಕಟ ನನ್ನ ಶತ್ರುವಿಗೂ ಬೇಡ. ನಮ್ಮ ಗೋಡೆ ತೆಳು. ದಿನಕ್ಕೆ ಮೂರು ಸಲ ತಕ್ಕಡಿಯ ತಟ್ಟೆ ಟಣ್ ಎನ್ನುವುದು ಕೇಳುತ್ತಿತ್ತು, ಆಮೇಲೆ ಎರಡು ಬಟ್ಟಲುಗಳ ಸದ್ದು. ನನ್ನ ಮರಿ ಅವಳ ಕೈಯಿಂದ ತಿನ್ನುತ್ತಿದೆ. ಅವಳ ಒಲೆಯ ಮುಂದೆ ಮಲಗುತ್ತಿದೆ. ಅವಳು "ಬಾರೋ ಬಾರ್ಲಿ" ಎಂದರೆ ಓಡಿ ಹೋಗುತ್ತಿದೆ. ಅವನ ಕಾಲು ನೆಟ್ಟಗಾಗಲಿ ಎಂದು ಬೆಳಿಗ್ಗೆ ಬೇಡಿಕೊಳ್ಳುತ್ತಿದ್ದೆ. ಅವಳ ಕೈಯಲ್ಲಿ ನೆಟ್ಟಗಾಯಿತಲ್ಲ ಎಂದು ಸಂಜೆ ಕುದಿಯುತ್ತಿದ್ದೆ.

ಎರಡು ಹಿತ್ತಿಲ ನಡುವೆ ಗೋಡೆಯಲ್ಲಿ ಒಂದು ಕಬ್ಬಿಣದ ಸರಳಿನ ಗೇಟಿದೆ. ದಿನವೂ ಸಂಜೆ ಟೀ ಕುಡಿದ ಮೇಲೆ ಅಲ್ಲೊಂದು ಮಣೆ ಹಾಕಿಕೊಂಡು ಕೂರುತ್ತಿದ್ದೆ. ಸರಳಿನ ನಡುವೆ ಕೈ ತೂರಿಸುತ್ತಿದ್ದೆ. ಮೊದಲ ದಿನ ಬಾರ್ಲಿ ಕುಂಟುತ್ತ ಬಂದು ಅಂಗೈ ಮೂಸಿದ. ಏನೂ ಇರಲಿಲ್ಲ. ಬೆರಳುಗಳ ಸಂದನ್ನೆಲ್ಲ ನೆಕ್ಕಿ ನೋಡಿದ. ಆಗಲೂ ಏನೂ ಸಿಗಲಿಲ್ಲ. ಹೊರಟುಹೋದ. ಮುಗಿಯಿತು, ಇನ್ನು ಇವನು ಬರುವುದಿಲ್ಲ ಎಂದುಕೊಂಡೆ. ಮಾರನೆಯ ದಿನ ಬಂದ, ಮೂಸಿದ, ಹೋದ. ನಾಲ್ಕನೆಯ ದಿನವೋ ಐದನೆಯ ದಿನವೋ ಮೂಸಲೇ ಇಲ್ಲ. ಬಂದವನೇ ಗೇಟಿಗೆ ಬೆನ್ನು ಒತ್ತಿ ಕೂತ. ಅವನ ಪಕ್ಕೆಯ ಮೇಲೆ ಕೈಯಿಟ್ಟೆ. ಕೊಬ್ಬಿನ ಅಡಿಯಲ್ಲಿ ಎಲ್ಲೋ ಮೊದಲ ಪಕ್ಕೆಲುಬು ಬೆರಳಿಗೆ ತಗುಲಿತು. ಅಂದಿನಿಂದ ಪ್ರತಿದಿನವೂ ಹಾಗೆ ಕೂರುತ್ತಿದ್ದೆವು. ಅವನಿಗೆ ಏನು ಕೊಡಲಿ? ಬಾಯಿಗೆ ಬಂದದ್ದನ್ನೆಲ್ಲ ಅವನ ಹತ್ತಿರ ಹೇಳುತ್ತಿದ್ದೆ, ಹೆಚ್ಚಿನದೆಲ್ಲ ವಿನ್ನಿಯ ಮೇಲಿನ ದೂರು. ವಿನ್ನಿ ತನ್ನ ಕಿಟಕಿಯಿಂದ ನೋಡುತ್ತಿದ್ದಳು. ಆಣೆ ಮುರಿಯುತ್ತೇನೆಯೋ ಎಂದು ಕಾವಲು ಕಾಯುತ್ತಿದ್ದಾಳೆ ಎಂದುಕೊಂಡೆ.

ಆಗಸ್ಟ್ ಮುಗಿಯುವ ಹೊತ್ತಿಗೆ ಅವನು ನಾಲ್ಕು ಕಾಲೂ ಊರಿ ಓಡುತ್ತಿದ್ದ.

ಮೇಳದ ಹಿಂದಿನ ಸಂಜೆ ವಿನ್ನಿ ಬಾರ್ಲಿಯನ್ನೂ ಬಟ್ಟಲನ್ನೂ ಕಂಬಳಿಯನ್ನೂ ತಂದು ನನ್ನ ಬಾಗಿಲಲ್ಲಿ ನಿಂತಳು. ಕೊನೆಯ ರಾತ್ರಿ ಮರಿ ಯಾರ ಮನೆಯಲ್ಲಿ ಮಲಗುತ್ತದೋ ಅವರೇ ಅದನ್ನು ಮೇಳದಲ್ಲಿ ನಡೆಸಬೇಕು, ಅದು ಹಳೆಯ ಪದ್ಧತಿ. ಅವಳು ಸುಮ್ಮನಿದ್ದಿದ್ದರೆ ಎರಡು ಮರಿಗಳನ್ನೂ ಅವಳೇ ನಡೆಸಬಹುದಿತ್ತು. ಯಾವುದು ಗೆದ್ದರೂ ಚಮಚ ಅವಳ ಮೊಳೆಗೇ.

"ಬೆಳಿಗ್ಗೆ ಎಷ್ಟು ಹಾ‌ಕ್ಬೇಕೋ ತೂಗಿ ಪೊಟ್ಟಣ ಕಟ್ಟಿದೀನಿ," ಎಂದಳು. "ಅಷ್ಟೇ ಹಾಕು."

ಅಷ್ಟೇ ಹಾಕಿದೆ.

ಹುಲ್ಲುಗಾವಲಿನಲ್ಲಿ ಒಂಬತ್ತು ಮರಿಗಳಿದ್ದವು. ತೀರ್ಪುಗಾರ ಒಂದೊಂದರ ಪಕ್ಕೆಯನ್ನೂ ಮುಟ್ಟಿ ನೋಡಿದ, ನಡೆಸಿದ, ಓಡಿಸಿದ. ಬಾರ್ಲಿಯ ಮುಂಗಾಲುಗಳ ಮುಂದೆ ಮಂಡಿಯೂರಿ ಬಹಳ ಹೊತ್ತು ಕೂತ. ಅವನು ಎದ್ದು ಟೇಟ್‌ನತ್ತ ಸರಿ ಎಂದು ತಲೆಯಾಡಿಸಿದ. ಬಾರ್ಲಿ ಕೆಲಸಕ್ಕೆ ಆದೀತು, ಗುಡ್ಡ ಹತ್ತಬಹುದು. ನನ್ನ ಕಣ್ಣು ತುಂಬಿ ಬಂತು. ಚಮಚ ಟೆಸ್‌ಳನ್ನು ಸಾಕಿದವಳಿಗೆ ಹೋಯಿತು. ವಿನ್ನಿಯ ಹನ್ನೆರಡನೆಯದು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆಯೊಳಗೆ ಅದೇ ಹಳೆಯ ಕಿಚ್ಚು ಎದ್ದು ಕೂತಿತು, ಅದಕ್ಕೆ ನಾಚಿಕೆ ಎಂಬುದೇ ಇಲ್ಲ.

ಆಮೇಲೆ ವ್ಯಾನು ಬಂತು. ಟೇಟ್ ಹಿಂಬಾಗಿಲು ತೆಗೆದು ಸಿಳ್ಳೆ ಹಾಕಿದ. ಟೆಸ್ ಒಂದೇ ನೆಗೆತಕ್ಕೆ ಒಳಗೆ ಹಾರಿ, ಹುಲ್ಲು ಹಾಸಿದ ಮೂಲೆಯಲ್ಲಿ ಸುತ್ತಿಕೊಂಡು ಮಲಗಿತು. ಉಳಿದ ಮರಿಗಳೂ ಹತ್ತಿದವು. ಬಾರ್ಲಿ ಹತ್ತಲಿಲ್ಲ. ನನ್ನ ಬೂಟಿನ ಮೇಲೆ ಮೈಚೆಲ್ಲಿ ಮಲಗಿಬಿಟ್ಟ. ಟೇಟ್ ಮತ್ತೆ ಸಿಳ್ಳೆ ಹಾಕಿದ. ವಿನ್ನಿ "ಬಾರೋ ಬಾರ್ಲಿ" ಎಂದು ಕರೆದಳು. ಅವನು ಕಿವಿಯನ್ನೂ ಅಲುಗಿಸಲಿಲ್ಲ. ಕೊನೆಗೆ ಟೇಟ್ ಅವನನ್ನು ಎತ್ತಿಕೊಂಡು ಹೋಗಿ ಒಳಗಿಡಬೇಕಾಯಿತು. ಬಾಗಿಲು ಮುಚ್ಚಿದ ಮೇಲೂ ಅವನು ಹಿಂದಿನ ಗಾಜಿಗೆ ಮೂಗೊತ್ತಿ ಊಳಿಡುತ್ತಿದ್ದ. ವ್ಯಾನು ತಿರುವು ದಾಟುವವರೆಗೂ ಕೇಳಿತು.

ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ವಿನ್ನಿ ಅಳಲಿಲ್ಲ. ಚಮಚದ ಡಬ್ಬಿ ಹಿಡಿದು ನಿಂತಿದ್ದಳು.

"ಹದಿನೆಂಟು ಮರಿ ಸಾಕಿದೀನಿ ಬೆರಿಲ್," ಎಂದಳು. "ಒಂದೂ ಹಿಂತಿರುಗಿ ನೋಡಿಲ್ಲ."

ಅವಳ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಕನ್ನಡಿಯಲ್ಲಿ ಮೂವತ್ತೈದು ವರ್ಷ ನೋಡಿದ್ದೇನೆ. ಈ ಸಲ ನನ್ನ ಭ್ರಮೆಯಲ್ಲ, ವಿನ್ನಿ ಹೆಡ್ಲಿಗೆ ನನ್ನ ಮೇಲೆ ನಿಜವಾಗಿ ಹೊಟ್ಟೆಕಿಚ್ಚು. ಒಳ್ಳೆಯ ಹೆಂಗಸಾಗಿದ್ದರೆ ಅವಳ ಕೈ ಹಿಡಿದು ಸಮಾಧಾನ ಹೇಳುತ್ತಿದ್ದೆ. ನಾನು ಮೂಗೊರೆಸಿಕೊಂಡು ಮನೆಯವರೆಗೂ ಆ ಸುಖವನ್ನು ಸವಿಯುತ್ತ ನಡೆದೆ.

ಮಾರನೆಯ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ವಿನ್ನಿ ಗೇಟಿನ ಹತ್ತಿರ ಬಂದು ನಿಂತಳು. ನಾನು ದಿನವೂ ಕೂರುತ್ತಿದ್ದ ಮಣೆಯನ್ನು ನೋಡಿದಳು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡ," ಎಂದಳು. "ಸಂಜೆ ಹೊತ್ತು ಇಲ್ಲಿ ಕೂತು ಅವ್ನಿಗೆ ಏನು ಕೊಡ್ತಿದ್ದೆ? ನಿಜ ಹೇಳು."

"ಏನೂ ಕೊಡ್ಲಿಲ್ಲ ವಿನ್ನಿ. ನಿನ್ನಾಣೆ."

ಅವಳು ನನ್ನ ಖಾಲಿ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು.

"ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.